ಹುಬ್ಬಳ್ಳಿ–ಅಂಕೋಲಾ ದಾರಿಯ ವೆಲ್ಡಿಂಗ್ ಶೆಡ್ಡು: ಬಾಡಿ ಕೆಲಸಕ್ಕೆ ಸೈ, ಪಾಟಾ ಕೆಲಸಕ್ಕೆ ಬೇಡ

ಗಾಡಿ 6 ಚಕ್ರದ ಲಾರಿ. ಲೋಡು 12 ಟನ್ ಸಿಮೆಂಟು, ಅಂದರೆ 240 ಚೀಲ. ಪಾಟಾ ಅಂದರೆ ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗ್; ಅದರ ತುದಿಯ ಸುರುಳಿಗೆ ಕಿವಿ ಅನ್ನುತ್ತಾರೆ, ಆ ಕಿವಿಯನ್ನು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಹಿಡಿದಿಡುವುದು ಹ್ಯಾಂಗರ್ ಬ್ರಾಕೆಟ್. ಹಿಂದಿನ ಆಕ್ಸಲ್‌ನ ಎಡಗಡೆ ಪಾಟಾದ ಮುಂದಿನ ಕಿವಿ ಕೂರುವ ಬ್ರಾಕೆಟ್‌ನಲ್ಲಿ ಬಿರುಕು ಕಂಡಿತ್ತು. ಕಲಘಟಗಿ ದಾಟಿ ಯಲ್ಲಾಪುರದ ಕಡೆಗೆ ಹೋಗುವಾಗ ಎನ್‌ಎಚ್ 52ರ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಅದಕ್ಕೆ ವೆಲ್ಡಿಂಗ್ ಆಯಿತು. ಕೂಲಿ 1,500 ರೂಪಾಯಿ, ಬಿಲ್ಲಿಲ್ಲ, ಒಂದು ಗಂಟೆಯೊಳಗೆ ಗಾಡಿ ರಸ್ತೆಗೆ. ಅರಬೈಲ್ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದ ಹೊತ್ತಿಗೆ ಅದೇ ಬ್ರಾಕೆಟ್ ಎರಡು ಹೋಳಾಯಿತು. ಯಾರಿಗೂ ಪೆಟ್ಟಾಗಲಿಲ್ಲ, ಟೈರು, ಮಡ್‌ಗಾರ್ಡು, ಒಂದು ಮೇನ್ ಪಾಟಾ ಮತ್ತು ಲೋಡನ್ನು ಬೇರೆ ಲಾರಿಗೆ ಬದಲಿಸುವ ಕೂಲಿಗೆ ದುಡ್ಡು ಹೋಯಿತು.

ಅಂಕ ಕೊಡುವುದಾದರೆ ಬಾಡಿ, ಟೂಲ್ ಬಾಕ್ಸ್, ಬಂಪರ್, ಮಡ್‌ಗಾರ್ಡ್ ಕೆಲಸಕ್ಕೆ 5ಕ್ಕೆ 4. ಸಸ್ಪೆನ್ಷನ್ ಕೆಲಸಕ್ಕೆ 5ಕ್ಕೆ 1. ಆ ಒಂದೂ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಬಂದು ಲೈಟು ಹಾಕಿದ್ದಕ್ಕೆ. ಶೆಡ್ಡಿನ ಹೆಸರು ಹಾಕಿಲ್ಲ. ಹಾಕಿ ಪ್ರಯೋಜನವೂ ಇಲ್ಲ. ಇದೇ ಯಂತ್ರ, ಇದೇ ರಾಡು, ಇದೇ ಧೈರ್ಯ ಇರುವ ಶೆಡ್ಡು ರಾಜ್ಯದ ಎಲ್ಲ ಹೆದ್ದಾರಿಯಲ್ಲೂ ಸಿಗುತ್ತದೆ.

ಮೊದಲು ಒಳ್ಳೆಯದು ಹೇಳಿಬಿಡೋಣ. ಹುಡುಗನ ಕೈ ಚೆನ್ನಾಗಿದೆ. ಬೀಡ್ (ಬೆಸುಗೆಯ ಗೆರೆ) ನೋಡಲು ಒಂದೇ ಸಮ, ರಾಡು ಎಲ್ಲೂ ಅಂಟಿ ನಿಂತಿಲ್ಲ. ಅದೇ ಗಾಡಿಯ ಹಿಂಬಾಗಿಲಿನ ಮುರಿದ ಕೊಂಡಿಗೂ ಆತ ಬೆಸುಗೆ ಹಾಕಿದ್ದ, ಅದು ಇವತ್ತಿಗೂ ಅಲ್ಲಾಡಿಲ್ಲ. 6013 ಅನ್ನುವ ಮಾಮೂಲಿ ವೆಲ್ಡಿಂಗ್ ರಾಡಿನಲ್ಲಿ ತಗಡು, ಆಂಗಲ್, ಚಾನೆಲ್ ಕೂಡಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಕೈಚಳಕ ಬೇಕಿಲ್ಲ. ತೊಂದರೆ ಕೈಯದ್ದಲ್ಲ. ಯಾವ ಲೋಹಕ್ಕೆ ಬೆಂಕಿ ಮುಟ್ಟಿಸಬಾರದು ಅನ್ನುವ ತಿಳಿವಳಿಕೆ ಇಲ್ಲ, ಆದರೂ ‘ಆಗೂದಿಲ್ಲ’ ಅನ್ನುವ ಮಾತು ಶೆಡ್ಡಿನ ಬಾಯಲ್ಲಿ ಬರಲಿಲ್ಲ.

“ಗ್ಯಾರಂಟಿ ಐತೇನ್ರೀ?” ಅಂತ ಡ್ರೈವರ್ ಕೇಳಿದ್ದಕ್ಕೆ ಬಂದ ಉತ್ತರ: “ಗಾಡಿ ಹೋದ್ರೂ ಬೆಸುಗೆ ಹೋಗೂದಿಲ್ರೀ ಅಣ್ಣಾರ.” ಮಾತು ಅಕ್ಷರಶಃ ನಿಜವಾಯಿತು. ಬೆಸುಗೆ ಹೋಗಲಿಲ್ಲ. ಅದರ ಮಗ್ಗುಲಲ್ಲಿದ್ದ ಲೋಹ ಹೋಯಿತು.

ಮುರಿದ ಬ್ರಾಕೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ಏನಾಗಿದೆ ಅನ್ನುವುದು ಓದಿ ಹೇಳುವಷ್ಟು ಸ್ಪಷ್ಟ. ಮುರಿದ ಮುಖದ ಮೂರನೇ ಒಂದು ಭಾಗ ಕಂದುಗಪ್ಪು, ತುಕ್ಕು ಹಿಡಿದಿದೆ. ಇದು ಹಳೆಯ ಬಿರುಕು, ಶೆಡ್ಡಿಗೆ ಬರುವ ಮೊದಲೇ ಇದ್ದದ್ದು. ಅದರ ಮೇಲೆ ಹೊರಗಡೆಯಿಂದ ಹಳೆಯ ಪಾಟಾದ ಒಂದು ತುಂಡನ್ನು ಪಟ್ಟಿಯಂತೆ ಇಟ್ಟು ಸುತ್ತ ಬೆಸುಗೆ ಹಾಕಲಾಗಿದೆ. ಪಾಟಾ ಗಟ್ಟಿ ಕಬ್ಬಿಣ, ಹಾಗಾಗಿ ಪಟ್ಟಿಯೂ ಗಟ್ಟಿ ಅನ್ನುವುದು ಲೆಕ್ಕ. ಪಟ್ಟಿಯ ಕೆಳಗೆ ಬಿರುಕು ಬಿರುಕಾಗಿಯೇ ಉಳಿದಿದೆ. ಗ್ರೈಂಡರ್ ಹಿಡಿದು ವಿ ಆಕಾರಕ್ಕೆ ತೆಗೆದಿಲ್ಲ, ಬಿರುಕು ಮುಂದೆ ಓಡದಂತೆ ಅದರ ಕೊನೆಗಳಲ್ಲಿ ತೂತು ಹೊಡೆದಿಲ್ಲ. ಪೇಂಟ್ ಮತ್ತು ಗ್ರೀಸ್ ಪೂರ್ತಿ ಕೆರೆಯದೆ ಬೀಡ್ ಎಳೆದದ್ದಕ್ಕೆ ಒಳಗೆ ಸಾಸಿವೆ ಗಾತ್ರದ ಗಾಳಿಗುಳ್ಳೆಗಳಿವೆ. ಪಟ್ಟಿಯ ಒಂದು ಅಂಚಿನಲ್ಲಿ ಬೀಡ್ ತನ್ನ ಜತೆಗೆ ಬ್ರಾಕೆಟ್ಟಿನ ಒಂದು ತೆಳು ಪದರವನ್ನೇ ಕಿತ್ತುಕೊಂಡು ಬಂದಿದೆ. ಇನ್ನೊಂದು ಅಂಚಿನಲ್ಲಿ ಬೀಡಿಗೆ ಒತ್ತಿಕೊಂಡು, ಅದರ ಪಕ್ಕದಲ್ಲೇ ಪಾಟಾ ತುಂಡು ಉದ್ದಕ್ಕೆ ಸೀಳಿದೆ. ಸೀಳಿದ ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತದೆ. ಬೀಡ್ ಮಾತ್ರ ಎರಡೂ ಕಡೆ ಇಡಿಯಾಗಿದೆ.

ಎರಡು ಅಂಚು, ಎರಡು ಬೇರೆ ಕಾರಣ.

ಬ್ರಾಕೆಟ್ ಎಸ್‌ಜಿ ಐರನ್, ಎರಕದ ಮಾಲು. ಅದರಲ್ಲಿ ಕಾರ್ಬನ್ ಶೇಕಡಾ ಮೂರೂವರೆ ಆಸುಪಾಸು ಇರುತ್ತದೆ, ಸಣ್ಣ ಸಣ್ಣ ಗ್ರಾಫೈಟ್ ಗುಂಡುಗಳ ರೂಪದಲ್ಲಿ. ಆರ್ಕ್ (ರಾಡಿನ ತುದಿಯ ವಿದ್ಯುತ್ ಜ್ವಾಲೆ) ತಾಗಿದ ಜಾಗ ಕರಗಿದಾಗ ಆ ಕಾರ್ಬನ್ ಕಬ್ಬಿಣದಲ್ಲಿ ಕರಗುತ್ತದೆ, ಸುತ್ತಲಿನ ದಪ್ಪ ಲೋಹ ಶಾಖವನ್ನು ಕ್ಷಣದಲ್ಲಿ ಎಳೆದುಕೊಳ್ಳುವುದರಿಂದ ಗ್ರಾಫೈಟ್ ಆಗಿ ಮರಳಿ ಕೂರಲು ಅದಕ್ಕೆ ಸಮಯವಿಲ್ಲ. ಕಾರ್ಬೈಡ್ ಆಗಿ ಹೆಪ್ಪುಗಟ್ಟುತ್ತದೆ. ಬೀಡಿಗೂ ಬ್ರಾಕೆಟ್ಟಿಗೂ ನಡುವೆ ಹೀಗೊಂದು ಗಾಜಿನಂಥ ಪದರ ಕೂತುಬಿಡುತ್ತದೆ. ಮೊದಲ ದೊಡ್ಡ ಗುದ್ದಿಗೆ ಬಿಡುವುದು ಅದೇ. ಎರಕಕ್ಕೆ ನಿಕಲ್ ರಾಡುಗಳಿವೆ, ಮೊದಲೇ ಬಿಸಿ ಮಾಡಿ, ಸ್ವಲ್ಪ ಸ್ವಲ್ಪವೇ ಎಳೆದು, ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹುದುಗಿಸಿ ನಿಧಾನಕ್ಕೆ ಆರಿಸುವ ಪದ್ಧತಿಯೂ ಇದೆ. ಪಂಪ್ ಕೇಸಿಂಗ್, ಯಂತ್ರದ ಬೆಡ್ಡಿಗೆ ಅದು ಸರಿ. ಹ್ಯಾಂಗರ್ ಬ್ರಾಕೆಟ್‌ಗೆ ಅದೂ ಬೇಡ, ಹೊಸದು ಸಿಗುವ ಮಾಲು ಅದು.

ಎರಕವೋ ಉಕ್ಕೋ ಅಂತ ಗುರುತಿಸಲು ಲ್ಯಾಬ್ ಬೇಕಿಲ್ಲ. ಮೇಲ್ಮೈ ಒರಟಾಗಿದ್ದು ಪಾರ್ಟ್ ನಂಬರ್ ಉಬ್ಬಕ್ಷರದಲ್ಲಿ ಎರಕವಾಗಿಯೇ ಬಂದಿದ್ದರೆ ಅರ್ಧ ಗೊತ್ತಾದಂತೆ. ಮೂಲೆಯೊಂದಕ್ಕೆ ಗ್ರೈಂಡರ್ ಮುಟ್ಟಿಸಿ: ಎರಕವಾದರೆ ಕಿಡಿ ಕೆಂಪಗೆ, ಗಿಡ್ಡಕ್ಕೆ; ಸಾದಾ ಉಕ್ಕಾದರೆ ಉದ್ದ, ಹಳದಿ–ಬಿಳಿ ಗೆರೆಗಳು. ಡ್ರಿಲ್ ಮಾಡಿದರೆ ಉಕ್ಕಿನ ಚೂರು ಸುರುಳಿಯಾಗಿ ಬರುತ್ತದೆ, ಎರಕದ್ದು ಪುಡಿಪುಡಿ. ಎರಕದ ಉಕ್ಕಿನ ಬ್ರಾಕೆಟ್‌ಗಳೂ ಉಂಟು, ತಗಡು ಮಡಚಿ ಕೂಡಿಸಿದ್ದೂ ಉಂಟು. ಅದಕ್ಕೇ ಈ ಪರೀಕ್ಷೆ ಮೊದಲು, ರಾಡು ಆಮೇಲೆ.

ಇನ್ನು ಪಟ್ಟಿಯಾಗಿ ಹಾಕಿದ ಪಾಟಾ ತುಂಡು. ಲೀಫ್ ಸ್ಪ್ರಿಂಗ್‌ಗೆ ಬಳಸುವ ಉಕ್ಕು, ಉದಾಹರಣೆಗೆ 50 ಸಿಆರ್‌ವಿ 4, ಅರ್ಧ ಶೇಕಡಾ ಕಾರ್ಬನ್, ಒಂದು ಶೇಕಡಾದಷ್ಟು ಕ್ರೋಮಿಯಂ, ಜತೆಗೆ ಮ್ಯಾಂಗನೀಸ್, ಚೂರು ವೆನೇಡಿಯಂ. ವೆಲ್ಡಿಂಗ್ ಮಾಡುವವರ ಕಾರ್ಬನ್ ಇಕ್ವಿವಲೆಂಟ್ ಲೆಕ್ಕದಲ್ಲಿ, ಅಂದರೆ ಕಾರ್ಬನ್‌ಗೆ ಮ್ಯಾಂಗನೀಸಿನ ಆರನೇ ಒಂದು ಪಾಲು, ಕ್ರೋಮಿಯಂ–ವೆನೇಡಿಯಂನ ಐದನೇ ಒಂದು ಪಾಲು ಕೂಡಿಸಿದರೆ 0.9ರ ಹತ್ತಿರ ಬರುತ್ತದೆ. 0.4–0.45 ದಾಟಿದರೇ ಬಿಸಿ ಮಾಡದೆ ಬೆಸುಗೆ ಹಾಕಬಾರದು ಅನ್ನುತ್ತಾರೆ. ಇದು ಅದರ ಇಮ್ಮಡಿ. ಬೀಡಿನ ಪಕ್ಕದ ಕೆಲವೇ ಮಿಲಿಮೀಟರ್ ಜಾಗ 850 ಡಿಗ್ರಿಗೂ ಮೇಲೆ ಕಾದು, ತಣ್ಣಗಿನ ಪಾಟಾ ಅದರ ಶಾಖ ಹೀರಿ, ಎಣ್ಣೆಯಲ್ಲಿ ಅದ್ದಿದ್ದಕ್ಕಿಂತ ಬೇಗ ಆರುತ್ತದೆ. ಆಗ ಹುಟ್ಟುವುದು ಹದ ಮಾಡದ ಮಾರ್ಟೆನ್ಸೈಟ್, ಉಕ್ಕಿನ ಅತಿ ಗಡಸು, ಪೆಡಸು ರೂಪ. ಪಾಟಾದ ಮೂಲ ಗಡಸುತನ 40–47 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ಆಸುಪಾಸಾದರೆ ಆ ಜಾಗದಲ್ಲಿ 60ರ ಹತ್ತಿರ ಹೋಗುತ್ತದೆ. ಅರ ಉಜ್ಜಿದರೆ ಜಾರುತ್ತದೆ. ಗಟ್ಟಿ ಆಯಿತಲ್ಲ ಅಂದುಕೊಂಡರೆ ಕೆಟ್ಟೆವು. ಗಟ್ಟಿಯಾದದ್ದು ಬಾಗುವುದಿಲ್ಲ, ಸೀಳುತ್ತದೆ.

ಅದರ ಮೇಲೆ ತೇವ. 6013 ರಾಡಿನ ಲೇಪನದಲ್ಲಿ ಸ್ವಭಾವತಃ ತೇವಾಂಶವಿದೆ. ಯಲ್ಲಾಪುರದ ಕಡೆಯ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಶೆಲ್ಫಿನಲ್ಲಿ ಇಟ್ಟ ರಾಡು ಇನ್ನಷ್ಟು ಕುಡಿದಿರುತ್ತದೆ. ಆರ್ಕಿನಲ್ಲಿ ಆ ನೀರು ಒಡೆದು ಹೈಡ್ರೋಜನ್ ಆಗಿ ಲೋಹದೊಳಗೆ ಹೋಗುತ್ತದೆ, ಗಡಸು ಪದರದಲ್ಲಿ ಸೇರಿಕೊಂಡು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಬಿರುಕು ಬಿಡಿಸುತ್ತದೆ. ‘ಹಾಕಿದ ಕೂಡಲೇ ಸುತ್ತಿಗೆಯಲ್ಲಿ ಹೊಡೆದು ನೋಡಿದ್ವಿ, ಏನೂ ಆಗಲಿಲ್ಲ’ ಅನ್ನುವ ಮಾತಿಗೆ ಹಾಗಾಗಿ ಕಿಮ್ಮತ್ತಿಲ್ಲ. ಆ ಹೊತ್ತಿಗೆ ಬಿರುಕು ಹುಟ್ಟಿರಲೇ ಇಲ್ಲ.

ಬಿಟ್ಟ ಜಾಗ ಯಾವುದು ಅನ್ನುವುದೂ ಮುಖ್ಯ. ಹಿಂದಿನ ಪಾಟಾಕ್ಕೆ ಎರಡು ತುದಿ. ಹಿಂಬದಿಯದು ಶಾಕಲ್ ಅನ್ನುವ ಆಡುವ ಕೊಂಡಿಗೆ ತೂಗಿರುತ್ತದೆ, ಹಿಂದೆ ಮುಂದೆ ಆಡುತ್ತದೆ, ಭಾರ ಮಾತ್ರ ಹೊರುತ್ತದೆ. ಮುಂಬದಿಯದು ಪಿನ್ನಿನಲ್ಲಿ ಕಟ್ಟಿಹಾಕಿದ್ದು. ಭಾರವಲ್ಲದೆ ಎಂಜಿನ್ನಿನ ನೂಕು, ಬ್ರೇಕಿನ ಎಳೆತ ಎರಡೂ ಚಾಸಿಗೆ ಹೋಗುವುದು ಇದೊಂದರ ಮೂಲಕ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಹೌಸಿಂಗ್ (ಆಕ್ಸಲ್ಲಿನ ಹೊರಕವಚ), ಚಕ್ರಗಳ ತೂಕ ಕಳೆದರೂ ನಿಂತಲ್ಲೇ ಒಂದೊಂದು ಬ್ರಾಕೆಟ್ ಮೇಲೆ ಎರಡೂವರೆ ಟನ್ ಚಿಲ್ಲರೆ ಬೀಳುತ್ತದೆ. ಗುಂಡಿಗೆ ಇಳಿದರೆ ಕ್ಷಣಮಾತ್ರ ಅದರ ದುಪ್ಪಟ್ಟು. ಘಟ್ಟದಲ್ಲಿ ಸ್ವಲ್ಪ ಬಿಗಿಯಾಗಿ ಬ್ರೇಕ್ ಒತ್ತಿದರೆ ಒಂದು ಬದಿಯ ಬ್ರಾಕೆಟ್‌ಗೆ ಒಂದೂವರೆ ಟನ್ನಿನಷ್ಟು ಹಿಂದಕ್ಕೆಳೆಯುವ ಜಗ್ಗಾಟ ಬೇರೆ. ಕಲಘಟಗಿ–ಯಲ್ಲಾಪುರದ ನಡುವೆ ಓಡಿದ್ದು, ಘಟ್ಟದಲ್ಲಿ ಬಿಟ್ಟದ್ದು ಇದಕ್ಕೇ.

ಎಡಗಡೆಯ ಮುಂದಿನ ಬ್ರಾಕೆಟ್ ಬಿಟ್ಟರೆ ಬ್ರೇಕ್ ಹಿಡಿದ ಚಕ್ರ ಆಕ್ಸಲ್ಲಿನ ಎಡತುದಿಯನ್ನು ಹಿಂದಕ್ಕೆ ಎಳೆಯುತ್ತದೆ. ಆಕ್ಸಲ್ ಓರೆಯಾಗಿ ಹಿಂದಿನ ಚಕ್ರಗಳು ಎಡಕ್ಕೆ ಮುಖ ಮಾಡುತ್ತವೆ. ಗಾಡಿಯ ಬೆನ್ನು ಎಡಕ್ಕೆ ಸರಿಯುತ್ತದೆ, ಮೂತಿ ಬಲಕ್ಕೆ, ಅಂದರೆ ಎದುರಿನಿಂದ ಹತ್ತಿ ಬರುವ ಗಾಡಿಗಳ ಕಡೆಗೆ ತಿರುಗುತ್ತದೆ. ಮೇನ್ ಪಾಟಾದ ಕಿವಿಗೆ ಎರಡನೇ ಪಾಟಾ ಸುತ್ತಿರುವ ವ್ಯವಸ್ಥೆ ಇಲ್ಲಿ ಕೈಹಿಡಿಯುವುದಿಲ್ಲ. ಅದು ಕಿವಿ ಮುರಿದರೆ ಮಾತ್ರ ಕಾಯುತ್ತದೆ. ಬ್ರಾಕೆಟ್ಟೇ ಹೋದರೆ ಆಕ್ಸಲ್ಲಿನ ಆ ಬದಿಯನ್ನು ಹಿಡಿದಿರುವುದು ತೂಗುವ ಶಾಕಲ್ ಒಂದೇ. ಈ ಗಾಡಿಯಲ್ಲಿ ಹೊರಗಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ನಿಲ್ಲಿಸಿತು, ಬ್ರೇಕ್ ಚೇಂಬರಿನ ಗಾಳಿ ಪೈಪು ಎಳೆದುಕೊಂಡರೂ ಕಿತ್ತುಹೋಗಲಿಲ್ಲ, ಗೇರ್ ಕೆಳಗಿನದರಲ್ಲಿತ್ತು. ಮೂರರಲ್ಲಿ ಒಂದು ತಪ್ಪಿದ್ದರೂ ಬರೆಯುವ ವಿಮರ್ಶೆಯೇ ಬೇರೆ.

ಕೆಲಸ ಮಾಡಿದ ರೀತಿಯಲ್ಲಿ ಇನ್ನೂ ನಾಲ್ಕು ದೋಷ ಕಂಡವು. ಬ್ರಾಕೆಟ್ ಮುರಿಯದಿದ್ದರೂ ಇವು ಒಂದಲ್ಲ ಒಂದು ದಿನ ಲೆಕ್ಕ ಕೇಳುತ್ತಿದ್ದವು.

ಲೋಡು ಹೊತ್ತ ಗಾಡಿಯಲ್ಲೇ, ಚಾಸಿಗೆ ಜಾಕಿ ಕೊಡದೆ ಬೆಸುಗೆ ಹಾಕಿದ್ದಾರೆ. ಬಿರುಕು ಬಾಯಿ ತೆರೆದ ಸ್ಥಿತಿಯಲ್ಲೇ ಬೀಡ್ ಹೆಪ್ಪುಗಟ್ಟಿದೆ. ಬ್ರಾಕೆಟ್ಟಿನ ಹಿಂಬದಿ ಚಾಸಿಗೆ ಒತ್ತಿಕೊಂಡಿರುವುದರಿಂದ ಅಲ್ಲಿಗೆ ರಾಡು ಹೋಗುವುದೇ ಇಲ್ಲ, ಹಾಗಾಗಿ ಬೆಸುಗೆ ಹೊರಮುಖಕ್ಕೆ ಮಾತ್ರ.

ಅರ್ಥಿಂಗ್ ಕ್ಲ್ಯಾಂಪನ್ನು ಚಕ್ರದ ನಟ್ಟಿಗೆ ಕಚ್ಚಿಸಿದ್ದಾರೆ. ಕರೆಂಟು ಹಬ್ ಬೇರಿಂಗ್, ಹೌಸಿಂಗ್, ಪಾಟಾ, ಪಿನ್ನು ದಾಟಿ ಬ್ರಾಕೆಟ್ಟಿಗೆ ಬರಬೇಕು. ಬೇರಿಂಗಿನ ರೋಲರಿಗೂ ಅದು ಉರುಳುವ ಬಳೆಗೂ (ರೇಸ್) ನಡುವೆ ಕಿಡಿ ಹಾರಿದರೆ ಅಲ್ಲಿ ಸೂಜಿಮೊನೆಯ ಗುಳಿ ಬೀಳುತ್ತದೆ. ಕೆಲವು ತಿಂಗಳ ಮೇಲೆ ಹಬ್ ಕೂಗಲು ಶುರುವಾದಾಗ ಯಾರಿಗೂ ಈ ವೆಲ್ಡಿಂಗ್ ನೆನಪಿರುವುದಿಲ್ಲ. ಕ್ಲ್ಯಾಂಪು ಬೆಸುಗೆಯಿಂದ ಒಂದು ಗೇಣಿನೊಳಗೆ, ಅದೇ ತುಂಡಿನ ಮೇಲೆ ಇರಬೇಕು.

ಬ್ಯಾಟರಿ ಬಿಚ್ಚಲಿಲ್ಲ. ಹಳೆಯ ಗಾಡಿಯಲ್ಲಿ ಆಲ್ಟರ್ನೇಟರ್ ಡಯೋಡ್ ಹೋದರೆ ಅಷ್ಟಕ್ಕೇ ಮುಗಿಯುತ್ತಿತ್ತು. 2020ರ ಏಪ್ರಿಲ್ ನಂತರದ ಬಿಎಸ್ 6 ಹೊಗೆ ನಿಯಮದ ಗಾಡಿಯಾದರೆ ಇಸಿಎಂ (ಎಂಜಿನ್ನಿನ ಕಂಪ್ಯೂಟರ್), ಹೊಗೆ ಅಳೆಯುವ ನಾಕ್ಸ್ ಸೆನ್ಸರ್, ಎಬಿಎಸ್ ಡಬ್ಬಿ ಎಲ್ಲ ಆ ತಂತಿಯಲ್ಲೇ ಇವೆ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಬೇಕು. ಕಂಪನಿ ಕೈಪಿಡಿ ಹೇಳಿದ್ದರೆ ಇಸಿಎಂ ಕನೆಕ್ಟರೂ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು, ಆದರೆ ಕಣ್ಣಿಗೆ ಬೀಳುವುದೇ ಕಷ್ಟ. ಆರ್ಕ್ ಹೊತ್ತಿಸಲು ರಾಡನ್ನು ಮೇನ್ ಪಾಟಾದ ಮೇಲೆ ಕುಟ್ಟಿದ್ದಾರೆ. ಕಿವಿಯಿಂದ ಒಂದು ಗೇಣು ಒಳಗೆ, ಮೇಲ್ಮೈಯಲ್ಲಿ, ಹೆಸರುಕಾಳಿನ ಗಾತ್ರದ ಎರಡು ಸುಟ್ಟ ಕಲೆ. ಪಾಟಾ ಬುಟ್ಟಿಯಂತೆ ಬಾಗಿ ಕೂತಿರುತ್ತದೆ, ಭಾರ ಬಿದ್ದಾಗ ಚಪ್ಪಟೆಯಾಗುತ್ತದೆ, ಹಿಗ್ಗುವುದು ಮೇಲ್ಮೈ. ಕಾರ್ಖಾನೆಯವರು ಆ ಮುಖಕ್ಕೇ ಉಕ್ಕಿನ ಗುಂಡುಗಳನ್ನು ಬಡಿದು, ಶಾಟ್ ಪೀನಿಂಗ್ ಮಾಡಿ, ಬಿರುಕು ಹುಟ್ಟದ ಹಾಗೆ ಒತ್ತಿ ಇಟ್ಟಿರುತ್ತಾರೆ. ಹೆಸರುಕಾಳಿನಷ್ಟು ಗಡಸು ಚುಕ್ಕಿ ಆ ಇಡೀ ಕೆಲಸವನ್ನು ಹಾಳುಮಾಡುತ್ತದೆ. ಗ್ರೈಂಡರ್ ಹಿಡಿದು ಒರೆಸಿಬಿಟ್ಟರೂ ಒಳಗಿನ ಸುಟ್ಟ ಪದರ ಉಳಿಯಬಹುದು. ಹೀಗೆ ಕುಟ್ಟಿಸಿಕೊಂಡ ಪಾಟಾ ಗುಜರಿಗೆ. ಈ ಗಾಡಿಯಲ್ಲಿ ಹಾಗೇ ಮಾಡಬೇಕಾಯಿತು. ಪಾಟಾದ ಹತ್ತಿರ ಯಾವ ಬೆಸುಗೆ ಕೆಲಸ ಮಾಡಿದರೂ ಒದ್ದೆ ಗೋಣಿಯನ್ನೋ ತಗಡನ್ನೋ ಅದರ ಮೇಲೆ ಹೊದಿಸಬೇಕು. ಹಾರುವ ಕಿಡಿಯೂ ಇದೇ ಅನಾಹುತವನ್ನು ಚಿಕ್ಕದಾಗಿ ಮಾಡುತ್ತದೆ.

ಅಸಲು ರೋಗವನ್ನಂತೂ ಶೆಡ್ಡು ನೋಡಲೇ ಇಲ್ಲ. ಒಳ್ಳೆಯ ಎರಕದ ಬ್ರಾಕೆಟ್ ಸುಮ್ಮನೆ ಬಿರಿಯುವುದಿಲ್ಲ. ಇದರ ಪಿನ್ನಿನ ಗ್ರೀಸ್ ನಿಪ್ಪಲ್ ಮಣ್ಣು ತುಂಬಿ ಮುಚ್ಚಿತ್ತು, ಪಿನ್ನಿನ ಸುತ್ತ ಕೂರುವ ಬುಷ್ ಸವೆದು ಮೊಟ್ಟೆಯಾಕಾರವಾಗಿತ್ತು. ಬ್ರೇಕ್ ಒತ್ತಿದಾಗಲೂ ಬಿಟ್ಟಾಗಲೂ ಪಾಟಾದ ಕಿವಿ ಆ ಸಂದಿನಲ್ಲಿ ಓಡಾಡಿ ಬ್ರಾಕೆಟ್ಟಿಗೆ ಸುತ್ತಿಗೆ ಏಟು ಕೊಡುತ್ತದೆ. ಜತೆಗೆ ಚಾಸಿಗೆ ಕೂರಿಸಿದ ರಿವೆಟ್ಟುಗಳಲ್ಲಿ ಎರಡು ಸಡಿಲ. ಅವುಗಳ ತಲೆಯ ಸುತ್ತ ಕೆಂಪು ತುಕ್ಕಿನ ಗೆರೆ ಕೆಳಗೆ ಇಳಿದಿತ್ತು. ಇದು ತಿಂಗಳುಗಳ ಗುರುತು. ಇಷ್ಟಿರುವಾಗ ದೇವಲೋಕದ ವೆಲ್ಡರ್ ಬಂದು ಬೆಸುಗೆ ಹಾಕಿದ್ದರೂ ಅದೇ ಜಾಗ ಮತ್ತೆ ಬಿಡುತ್ತಿತ್ತು. ಗಾಡಿ ಮಾಲೀಕರ ಪಾಲೂ ಇಲ್ಲಿ ಕಡಿಮೆ ಇಲ್ಲ.

ಸರಿಯಾದ ದುರಸ್ತಿ ಆಮೇಲೆ ಹುಬ್ಬಳ್ಳಿಯ ಒಂದು ಪಾಟಾ ವರ್ಕ್ಸ್‌ನಲ್ಲಿ ಆಯಿತು. ಎರಡೂ ಸೇವೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಇದು ಅನುಕೂಲ. ಅಲ್ಲಿ ಮಾಡಿದ್ದು ಹೀಗೆ: ಗಾಡಿ ಖಾಲಿ, ಸಮತಟ್ಟು ನೆಲ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟೆ. ಚಾಸಿ ಸ್ಟ್ಯಾಂಡಿನ ಮೇಲೆ, ಹೌಸಿಂಗ್ ಬೇರೆ ಜಾಕಿಯ ಮೇಲೆ. ರಿವೆಟ್ಟಿನ ತಲೆ ಗ್ರೈಂಡ್ ಮಾಡಿ, ನಡುವೆ ಸಣ್ಣ ಬಿಟ್ಟಿನಲ್ಲಿ ಕೊರೆದು, ಪಂಚಿನಲ್ಲಿ ಹೊಡೆದು ತೆಗೆದರು. ಗ್ಯಾಸ್ ಕಟರ್ ಹಚ್ಚಲಿಲ್ಲ, ಈ ಒಂದು ಕಾರಣಕ್ಕೇ ಆ ವರ್ಕ್ಸ್‌ಗೆ ಒಂದು ಅಂಕ ಹೆಚ್ಚು. ಗ್ಯಾಸ್ ಹಚ್ಚಿದರೆ ತೂತು ದೊಡ್ಡದಾಗುತ್ತದೆ, ಚಾಸಿಯ ಉಕ್ಕಿನ ಹದ ಆ ಜಾಗದಲ್ಲಿ ಹೋಗುತ್ತದೆ.

ಬ್ರಾಕೆಟ್ ಕಳಚಿದ ಮೇಲೆ ಚಾಸಿಯ ತೂತುಗಳ ಸುತ್ತ ಡೈ ಪೆನಿಟ್ರೆಂಟ್ ಹೊಡೆದು ನೋಡಿದರು. ಮೂರು ಡಬ್ಬಿಯ ಸ್ಪ್ರೇ: ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಒರೆಸಿ, ಕೆಂಪು ಹೊಡೆದು ಹತ್ತು–ಹದಿನೈದು ನಿಮಿಷ ಬಿಟ್ಟು, ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಬಿಳಿ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಅರ್ಧ ಗಂಟೆಯಲ್ಲಿ ತೋರಿಸುವ ಈ ಸೆಟ್ಟು ಹೆದ್ದಾರಿಯ ಶೆಡ್ಡುಗಳಲ್ಲಿ ಯಾಕೆ ಇರುವುದಿಲ್ಲವೋ. ಇಲ್ಲಿ ಚಾಸಿ ಚೊಕ್ಕವಾಗಿತ್ತು. ಬಿರುಕಿದ್ದರೆ ದಾರಿ ಬೇರೆ: ಕೊನೆಗೆ ತೂತು, ವಿ ಗ್ರೂವ್, ಓವನ್ನಿನಲ್ಲಿ 300–350 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದ, ಕಡಿಮೆ ಹೈಡ್ರೋಜನ್ ಬಿಡುವ 7018 ರಾಡು, ಸಮಕ್ಕೆ ಗ್ರೈಂಡಿಂಗ್, ಆಮೇಲೆ ಬಲಪಟ್ಟಿ. ಚಾಸಿಯ ಮೇಲಿನ–ಕೆಳಗಿನ ಅಂಚುಪಟ್ಟಿಗೆ ಅಡ್ಡಲಾಗಿ ಬೀಡ್ ಎಳೆಯುವುದು, ತೂತು ಹೊಡೆಯುವುದು ಲಾರಿ ಕಂಪನಿಗಳು ಬಾಡಿ ಕಟ್ಟುವವರಿಗೆ ಕೊಡುವ ಕೈಪಿಡಿಗಳಲ್ಲಿ ನಿಷಿದ್ಧ ಕೆಲಸ.

ಹೊಸ ಬ್ರಾಕೆಟ್ ರಿವೆಟ್ ಬದಲು ಬೋಲ್ಟಿನಲ್ಲಿ ಕೂತಿತು. ತೂತುಗಳನ್ನು ರೀಮರ್ ಹಾಕಿ ಬೋಲ್ಟು ಬಿಗಿಯಾಗಿ ಹೋಗುವಷ್ಟು ಸರಿಮಾಡಿ, 10.9 ಅನ್ನುವ ಹೆಚ್ಚು ಬಲದ ಗ್ರೇಡಿನ ಬೋಲ್ಟು, ಗಟ್ಟಿ ವಾಷರ್, ಲಾಕ್ ನಟ್ಟು. ತಲೆಯ ಮೇಲೆ 10.9 ಅಂತ ಅಚ್ಚು ಇಲ್ಲದ ಬೋಲ್ಟನ್ನು ಅಂಗಡಿಯವರು ಎಷ್ಟು ಆಣೆ ಹಾಕಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಟಾರ್ಕ್ (ಬಿಗಿಯುವ ತಿರುಚು ಬಲ) ಎಂ14 ಬೋಲ್ಟಿಗೆ 180–200, ಎಂ16ಕ್ಕೆ 280–300 ನ್ಯೂಟನ್ ಮೀಟರ್ ಆಸುಪಾಸು ಬರುತ್ತದೆ, ನಿಮ್ಮ ಮಾಡೆಲ್ಲಿನ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಹೊಸ ಪಿನ್ನು, ಹೊಸ ಬುಷ್, ಎರಡೂ ತುದಿಯಲ್ಲಿ ಹೊಸ ಗ್ರೀಸ್ ಹೊರಬರುವ ತನಕ ಗನ್ನು.

ಮೇನ್ ಪಾಟಾ ಬದಲಿಸಿದ್ದರಿಂದ, ಪಾಟಾವನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟು ಬಿಚ್ಚಲೇಬೇಕಾಯಿತು. ಬಿಚ್ಚಿದ ಯು ಬೋಲ್ಟು ಮತ್ತೆ ಹಾಕುವಂತಿಲ್ಲ. ಒಮ್ಮೆ ಬಿಗಿದಾಗ ಅದರ ಥ್ರೆಡ್ಡು ಎಳೆದುಕೊಂಡಿರುತ್ತದೆ, ಎರಡನೇ ಸಲ ಅದೇ ಟಾರ್ಕ್ ತೋರಿಸಿದರೂ ಹಿಡಿತ ಕಡಿಮೆ. ಹಿಡಿತ ಕಡಿಮೆಯಾದರೆ ಪಾಟಾಗಳನ್ನು ನಡುವೆ ಪೋಣಿಸಿದ ಸೆಂಟರ್ ಬೋಲ್ಟ್ ತುಂಡಾಗುತ್ತದೆ, ಆಕ್ಸಲ್ ಜಾರುತ್ತದೆ, ಬ್ರಾಕೆಟ್ ಚೆನ್ನಾಗಿದ್ದೂ ಇದೇ ಕಥೆ. ಕೊನೆಗೆ ಟೇಪು ಹಿಡಿದು ಮುಂದಿನ ಆಕ್ಸಲ್ಲಿನ ನಡುವಿನಿಂದ ಹಿಂದಿನದರ ನಡುವಿಗೆ ಎರಡೂ ಬದಿ ಅಳೆದರು. ಐದಾರು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ, ಟೈರು ತಿನ್ನುತ್ತದೆ. ಆ ವರ್ಕ್ಸ್‌ನ ಮೇಲೆ ಇರುವ ದೂರು ಒಂದೇ: ಲೋಡು ಹಾಕಿ 500 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟು ಮತ್ತೆ ಬಿಗಿಸಬೇಕು ಅನ್ನುವುದನ್ನು ಅವರು ಕೇಳಿದ ಮೇಲೆ ಹೇಳಿದರು. ಕೇಳದವರಿಗೆ ಹೇಳುತ್ತಾರೋ ಇಲ್ಲವೋ.

ಹಾಗಾದರೆ ರಾತ್ರಿ ಕಾಡಿನ ನಡುವೆ ಬಿರುಕು ಕಂಡರೆ ಏನು ಮಾಡಬೇಕು? ದಾರಿಬದಿ ಶೆಡ್ಡಿಗೆ ಅಲ್ಲೂ ಒಂದು ಪಾತ್ರವಿದೆ, ಆದರೆ ಅದು ಮಾರಬೇಕಾದ್ದು ದುರಸ್ತಿಯಲ್ಲ, ಮುಂದಿನ ಊರಿನ ತನಕದ ಊರುಗೋಲು. ಹಾಗಂತ ಬಾಯಿಬಿಟ್ಟು ಹೇಳಿ ಮಾರಿದರೆ 1,500 ಕೊಡುವುದಕ್ಕೆ ಯಾರ ತಕರಾರೂ ಇಲ್ಲ. ಬೆಂಕಿ ಮುಟ್ಟಿಸದೆ ಮಾಡಬಹುದಾದದ್ದು ಬೇಕಷ್ಟಿದೆ. ಆದಷ್ಟು ಲೋಡನ್ನು ಬೇರೆ ಗಾಡಿಗೆ ಇಳಿಸಿ. ಹೌಸಿಂಗಿನಿಂದ ಮುಂದಿನ ಕ್ರಾಸ್ ಮೆಂಬರಿಗೆ ಗಟ್ಟಿ ಚೈನು ಕಟ್ಟಿ ಬಿಗಿಸಿ, ಬ್ರಾಕೆಟ್ ಬಿಟ್ಟರೂ ಆಕ್ಸಲ್ ಹಿಂದಕ್ಕೆ ಓಡಬಾರದು. ಚೈನು ಬ್ರೇಕ್ ಪೈಪಿಗೂ ಪ್ರೊಪೆಲರ್ ಶಾಫ್ಟಿಗೂ ತಾಗದ ಹಾಗೆ ನೋಡಿ. ಪಾಟಾದ ತುದಿಗೂ ಚಾಸಿಗೂ ನಡುವೆ ಗಟ್ಟಿಮರದ ತುಂಡು ಇಟ್ಟು ಕಟ್ಟಿ. ಖಾಲಿ ಗಾಡಿಯನ್ನು 20ರ ವೇಗದಲ್ಲಿ ಹತ್ತಿರದ ಊರಿಗೆ ಮರಳಿಸಿ. ಘಟ್ಟ ಇಳಿಯುವುದು ಮಾತ್ರ ಯಾವ ಲೆಕ್ಕದಲ್ಲೂ ಬೇಡ. ಯಲ್ಲಾಪುರದಲ್ಲಿ ನಿಂತು ಬ್ರಾಕೆಟ್ ತರಿಸಿಕೊಂಡಿದ್ದರೆ ಹೋಗುತ್ತಿದ್ದದ್ದು ಒಂದು ರಾತ್ರಿ.

ಶೆಡ್ಡಿಗೆ ಹೋಗಲೇಬೇಕಾಗಿ ಬಂದವರು ರಾಡು ಹೊತ್ತಿಸುವ ಮೊದಲು ಕೇಳಬೇಕಾದ್ದು ಕಡಿಮೆ: ಯಾವ ರಾಡು, ಕಾಯಿಸಿದ್ದೋ ಅಲ್ಲವೋ? ಇದು ಎರಕವೋ ಉಕ್ಕೋ? ಕ್ಲ್ಯಾಂಪು ಎಲ್ಲಿ ಕಚ್ಚಿಸುತ್ತೀರಿ? ಮೂರಕ್ಕೂ ‘ಏನೂ ಆಗೂದಿಲ್ರೀ’ ಅನ್ನುವುದೇ ಉತ್ತರವಾದರೆ ಗಾಡಿ ಹಿಂದಕ್ಕೆ ತೆಗೆಯಿರಿ. ಪಾಟಾ, ಯು ಬೋಲ್ಟು, ಸೆಂಟರ್ ಬೋಲ್ಟು, ಶಾಕಲ್ ಪಿನ್ನು, ಟಾರ್ಕ್ ರಾಡಿನ ತುದಿ, ಸ್ಟೇರಿಂಗ್ ಕಡೆಯ ಯಾವ ಕೊಂಡಿಯೇ ಆಗಲಿ, ಇವುಗಳಿಗೆ ವೆಲ್ಡಿಂಗ್ ಹಾಕುತ್ತೇನೆ ಅನ್ನುವವರಿಗೆ ಕೇಳುವ ಪ್ರಶ್ನೆಯೂ ಇಲ್ಲ.

ದುಡ್ಡಿನ ವಿಷಯ. 1,500 ಉಳಿತಾಯ ಅನಿಸಿದ್ದು ಹೊಸ ಬ್ರಾಕೆಟ್ಟಿನ ಎದುರಿಗೆ. ಕೊನೆಗೆ ಬ್ರಾಕೆಟ್ಟೂ ಬಂತು, ಜತೆಗೆ ಮೇನ್ ಪಾಟಾ, ನಾಲ್ಕು ಯು ಬೋಲ್ಟು, ಒಂದು ಟೈರು, ಕ್ರೇನು, ಹಮಾಲಿ, ಇನ್ನೊಂದು ಲಾರಿಯ ಬಾಡಿಗೆ. ಮೋಟಾರು ಪ್ಯಾಕೇಜ್ ಪಾಲಿಸಿ ಯಾಂತ್ರಿಕ ಕೆಡುಕನ್ನೂ ಸವೆತವನ್ನೂ ಹೊರಗಿಡುತ್ತದೆ, ಹಾಗಾಗಿ ಮುರಿದ ಬ್ರಾಕೆಟ್ಟಿಗೆ ವಿಮೆಯವರ ಬಳಿ ಹೋಗುವಂತಿಲ್ಲ. ಬಿಲ್ಲಿಲ್ಲದ ಕೆಲಸಕ್ಕೆ ಶೆಡ್ಡನ್ನು ಕೇಳುವಂತೆಯೂ ಇಲ್ಲ. ಕೇಳಲು ಹೋದವರಿಗೆ ಅಲ್ಲಿ ಚಹಾ ಸಿಕ್ಕಿತು, 500 ರೂಪಾಯಿ ವಾಪಸು ಕೊಡುತ್ತೇವೆ ಅನ್ನುವ ಮಾತೂ ಸಿಕ್ಕಿತು. ಹಿಂಬಾಗಿಲಿನ ಕೊಂಡಿ ಕೆಲಸ ಚೆನ್ನಾಗಿದ್ದುದರಿಂದ ಅದನ್ನು ತೆಗೆದುಕೊಳ್ಳಲಿಲ್ಲ.